ಹೊಸ ಬ್ಯಾಟರಿ ಎಷ್ಟು ಹೊಸದು?

2025ರ ಮಾರ್ಚ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಅಪ್ಪನನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆ. ಅಪ್ಪ ಆಸ್ಪತ್ರೆಯ ಫೈಲನ್ನು ಎದೆಗೆ ಅವುಚಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ಕೀಲಿ ತಿರುಗಿಸಿದೆ. ಟಕ್ ಟಕ್ ಟಕ್ ಎಂದಿತು, ಅಷ್ಟೇ. ಮೀಟರಿನ ದೀಪಗಳು ಎಣ್ಣೆ ತೀರಿದ ಹಣತೆಯ ಹಾಗೆ ಮಂಕಾದವು. ಇನ್ನೆರಡು ಸಲ ಸೆಲ್ಫ್ ಹೊಡೆದೆ. ಎರಡನೆಯ ಸಲ ಟಕ್ ಎನ್ನುವುದೂ ನಿಂತಿತು. ಕಡೆಗೆ ಆಟೊ ಹಿಡಿದು ಮಂಡ್ಯದ ಬಸ್ ನಿಲ್ದಾಣಕ್ಕೆ ಹೋಗಿ, ಎಪ್ಪತ್ತಾರು ವರ್ಷದ ಅಪ್ಪನನ್ನು ನೂಕುನುಗ್ಗಲಿನಲ್ಲಿ ಬಸ್ಸು ಹತ್ತಿಸಿದೆ. ಸೀಟು ಸಿಕ್ಕಿದ್ದು ಶ್ರೀರಂಗಪಟ್ಟಣ ದಾಟಿದ ಮೇಲೆ.

ನನಗೆ ಬೇಸರವಾದದ್ದು ಬ್ಯಾಟರಿ ಹೋಯಿತೆಂದಲ್ಲ. ಅದು ಕೊಂಡು ಇಪ್ಪತ್ತೆರಡೇ ತಿಂಗಳಾಗಿತ್ತು. ಅದಕ್ಕೂ ಮೊದಲು ಕಾರಿನ ಜೊತೆಯಲ್ಲೇ ಬಂದಿದ್ದ ಬ್ಯಾಟರಿ ಐದು ವರ್ಷ ತುಂಬಿಸಿತ್ತು. ಅದೇ ಕಾರು, ಅದೇ ಮನೆ, ಅದೇ ಓಡಾಟ. ಹಾಗಿರುವಾಗ ಇದಕ್ಕೇನಾಯಿತು?

ಸಂಜೆ ಮನೆಗೆ ಬಂದವನೇ ಬಾನೆಟ್ ತೆರೆದು ಒದ್ದೆ ಬಟ್ಟೆಯಿಂದ ಬ್ಯಾಟರಿಯ ಮೈ ಒರೆಸಿದೆ. ಧೂಳಿನ ಪದರ ಹೋದ ಮೇಲೆ ಮೇಲಿನ ಅಂಚಿನಲ್ಲಿ ಸಣ್ಣ ಅಕ್ಷರಗಳ ಮುದ್ರೆ ಕಂಡಿತು. ಅದರಲ್ಲಿ ತಯಾರಾದ ತಿಂಗಳು 2022ರ ಜೂನ್. ನನ್ನ ಬಿಲ್ಲಿನಲ್ಲಿದ್ದ ದಿನಾಂಕ 2023ರ ಮೇ. ನಾನು ‘ಹೊಸದು’ ಎಂದು ಹಣ ಕೊಟ್ಟು ತಂದದ್ದು ಹನ್ನೊಂದು ತಿಂಗಳು ಎಲ್ಲೋ ಕಪಾಟಿನಲ್ಲಿ ಕುಳಿತಿದ್ದ ಮಾಲು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಸೀಸದ ತಟ್ಟೆ, ಸಲ್ಫ್ಯೂರಿಕ್ ಆಮ್ಲದ ಚಿತ್ರ ಬರೆದು ತೋರಿಸುವ ನಾನೇ ಅಂಗಡಿಯಲ್ಲಿ ಒಂದು ಮಾತೂ ಕೇಳದೆ ಬ್ಯಾಟರಿ ಹೊತ್ತು ತಂದಿದ್ದೆನಲ್ಲ ಎಂಬುದು ಬಹಳ ನೋಯಿಸಿತು. ಸೀಸ-ಆಮ್ಲ ಬ್ಯಾಟರಿ ಅಕ್ಕಿಮೂಟೆಯಲ್ಲ, ಹಾಲಿನ ಪ್ಯಾಕೆಟ್ಟಿನ ಜಾತಿಗೆ ಸೇರಿದ್ದು. ಯಾರೂ ಮುಟ್ಟದಿದ್ದರೂ ಒಳಗೊಳಗೇ ಚಾರ್ಜು ಸೋರುತ್ತಿರುತ್ತದೆ. ಸೋರಿದಷ್ಟೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಗತಾನೇ ಕೂತದ್ದು ಮೃದುವಾಗಿರುತ್ತದೆ, ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ತಟ್ಟೆಯ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಸೆಖೆಯಂತೂ ಇದಕ್ಕೆ ಕಡುವೈರಿ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಸೋರುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ಶೀಟು ಹೊದಿಸಿದ ಗೋದಾಮಿನೊಳಗೆ ಬ್ಯಾಟರಿ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಹೊಸದು ಕೊಳ್ಳುವ ಮುಂಚೆ ದೋಷ ಬ್ಯಾಟರಿಯದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರ್ ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ವಾರದಲ್ಲಿ ಮಲಗುತ್ತದೆ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಂಡೆ. ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ 14.2 ವೋಲ್ಟ್ ತೋರಿಸಿತು. 13.8ರಿಂದ 14.4ರ ಒಳಗಿದ್ದರೆ ಸಾಮಾನ್ಯವಾಗಿ ಚಾರ್ಜಿಂಗ್ ಸರಿಯಾಗಿದೆ ಎಂದೇ ಲೆಕ್ಕ. ಅಲ್ಲಿಂದ ಗುತ್ತಲು ರಸ್ತೆಯ ಪರಿಚಿತ ಆಟೊ ಎಲೆಕ್ಟ್ರಿಷಿಯನ್ ಬಳಿ ಬ್ಯಾಟರಿ ಬಿಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕಿಸಿದೆ. ಬೆಳಿಗ್ಗೆ ಕೂರಿಸಿ ಸೆಲ್ಫ್ ಹೊಡೆದಾಗ ವೋಲ್ಟೇಜ್ 8.7ಕ್ಕೆ ಕುಸಿಯಿತು. ಸೆಲ್ಫ್ ತಿರುಗುವ ಹೊತ್ತಿನಲ್ಲಿ 9.6ಕ್ಕಿಂತ ಕೆಳಗಿಳಿಯಬಾರದು. ಅವರು ಮೀಟರ್ ನೋಡಿ, “ಮೇಷ್ಟ್ರೇ, ಇದರಲ್ಲಿ ಜೀವ ಇಲ್ಲ. ಇನ್ನು ಇದಕ್ಕೆ ದುಡ್ಡು ಹಾಕಬೇಡಿ” ಎಂದರು.

ವಾರಂಟಿ ಕಾರ್ಡ್ ಹುಡುಕಿ ತೆಗೆದೆ. ಮೊದಲ ಹದಿನೆಂಟು ತಿಂಗಳು ಕೆಟ್ಟರೆ ಉಚಿತವಾಗಿ ಬದಲಿ, ಅದರ ಮುಂದಿನ ಹದಿನೆಂಟು ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ. ನನ್ನದು ಎರಡನೆಯ ಅವಧಿಯಲ್ಲಿತ್ತು. ಲೆಕ್ಕ ಹಾಕಿ ನೋಡಿದರೆ, ಆ ರಿಯಾಯಿತಿಯನ್ನು ಕೊಡುವುದು ಮುದ್ರಿತ ಗರಿಷ್ಠ ಬೆಲೆಯ ಮೇಲೆ. ಅಂಗಡಿಯಲ್ಲಿ ಯಾರೂ ಗರಿಷ್ಠ ಬೆಲೆಗೆ ಮಾರುವುದಿಲ್ಲ. ಹಳೆಯದನ್ನು ಕೊಟ್ಟರೆ ಇನ್ನೂ ಇಳಿಸುತ್ತಾರೆ. ಹಾಗಾಗಿ ರಿಯಾಯಿತಿ ಕಳೆದ ಬೆಲೆಗೂ ಎಕ್ಸ್‌ಚೇಂಜ್ ಬೆಲೆಗೂ ನನಗೆ ಸಿಕ್ಕ ವ್ಯತ್ಯಾಸ ಇನ್ನೂರು ರೂಪಾಯಿಯೂ ಇರಲಿಲ್ಲ. ‘ಮೂರು ವರ್ಷ ವಾರಂಟಿ’ ಎಂದಾಗ ಅದರಲ್ಲಿ ಉಚಿತ ಬದಲಿಯ ಅವಧಿ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಕೈಗೆ ದಕ್ಕುವುದು ಅದು.

ಭಾನುವಾರ ಮಲ್ಟಿಮೀಟರನ್ನು ಜೇಬಿಗೆ ಹಾಕಿಕೊಂಡು ಹೊರಟೆ. ನಾನೂರು ರೂಪಾಯಿಯ ಸಾಧಾರಣ ಮೀಟರ್; ಇಷ್ಟಕ್ಕೆ ಅದು ಸಾಕು. ಹಳೆಯ ಬ್ಯಾಟರಿಯ ಮೇಲಿದ್ದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ: 35 ಎ.ಎಚ್. (ಆಂಪಿಯರ್-ಅವರ್, ಎಷ್ಟು ಚಾರ್ಜು ಹಿಡಿಯುತ್ತದೆ ಎಂಬ ಲೆಕ್ಕ), ಗಾತ್ರದ ಸಂಕೇತ 38ಬಿ20ಎಲ್. ಕೊನೆಯ ಆ ಎಲ್ ಅಕ್ಷರ ಮುಖ್ಯ. ಅದೇ ಗಾತ್ರದಲ್ಲಿ ಆರ್ ಕೂಡ ಸಿಗುತ್ತದೆ. ಟರ್ಮಿನಲ್‌ಗಳು ಅದಲುಬದಲಾಗಿರುತ್ತವೆ, ಕಾರಿನ ಕೇಬಲ್ ಎಟುಕುವುದಿಲ್ಲ.

ಪೇಟೆಯ ಒಂದು ಅಂಗಡಿಯಲ್ಲಿ ಮಾಲೀಕರು ಒಳಗಿನಿಂದ ತರಿಸಿದ ಪೆಟ್ಟಿಗೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು.

“ತಯಾರಾದ ತಿಂಗಳು ಯಾವುದು, ತೋರಿಸುತ್ತೀರಾ?” ಎಂದೆ.

“ಸೀಲ್ ಬಿಚ್ಚಿಲ್ಲ ಸರ್, ಹೊಸದೇ.”

“ಸೀಲ್ ಇರಲಿ, ತಿಂಗಳು ನೋಡಬೇಕು.”

ಹುಡುಗ ಪೆಟ್ಟಿಗೆ ಬಿಚ್ಚಿದ. ಮುದ್ರೆಯನ್ನು ಓದುವುದು ಒಂದೊಂದು ಕಂಪನಿಗೆ ಒಂದೊಂದು ಬಗೆ. ಕೆಲವರು ತಿಂಗಳು, ವರ್ಷವನ್ನು ನೇರವಾಗಿ ಅಂಕಿಗಳಲ್ಲೇ ಹಾಕುತ್ತಾರೆ. ಕೆಲವರು ಜನವರಿಗೆ ಎ, ಫೆಬ್ರವರಿಗೆ ಬಿ ಎಂದು ಅಕ್ಷರ ಹಾಕಿ ಪಕ್ಕದಲ್ಲಿ ವರ್ಷದ ಅಂಕಿ ಕೊಡುತ್ತಾರೆ. ಗೊತ್ತಾಗದಿದ್ದರೆ ಅಂಗಡಿಯವರ ಬಾಯಿಂದಲೇ ಓದಿಸಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಬೇಕು. ಇಲ್ಲಿ ಬರೆಸುವ ಅಗತ್ಯವೇ ಬರಲಿಲ್ಲ. ಅದು 2024ರ ಜೂನ್‌ನದು. ಒಂಬತ್ತು ತಿಂಗಳು. ಮೀಟರ್ ಹಿಡಿದೆ: 12.31.

ಈ ಅಂಕಿಯ ಅರ್ಥ ಹೇಳಿಬಿಡುತ್ತೇನೆ. ಹನ್ನೆರಡು ವೋಲ್ಟಿನ ಬ್ಯಾಟರಿಯ ಒಳಗೆ ಆರು ಕೋಶಗಳಿರುತ್ತವೆ. ತುಂಬಿದ ಕೋಶವೊಂದು 2.1 ವೋಲ್ಟ್ ಕೊಡುತ್ತದೆ, ಆರಕ್ಕೆ 12.6. ಸುಮ್ಮನೆ ಇಟ್ಟಿರುವ ಬ್ಯಾಟರಿ 12.6 ಅಥವಾ ಅದಕ್ಕಿಂತ ತುಸು ಮೇಲೆ ತೋರಿಸಿದರೆ ತುಂಬಿದೆ ಎಂದರ್ಥ. 12.4ಕ್ಕೆ ಬಂದರೆ ಮುಕ್ಕಾಲು ಪಾಲು, 12.2ಕ್ಕೆ ಅರ್ಧ. ಹನ್ನೆರಡಕ್ಕೆ ಇಳಿದರೆ ಕಾಲು ಭಾಗವಷ್ಟೇ ಉಳಿದಿರುತ್ತದೆ. ನೋಡಲು ದಶಮಾಂಶದ ವ್ಯತ್ಯಾಸ. ಒಳಗೆ ಅರ್ಧಕ್ಕರ್ಧ ಖಾಲಿ.

ಮಾಲೀಕರು ಸಿಟ್ಟಾಗಲಿಲ್ಲ. “ಒಂದು ಗಂಟೆ ಚಾರ್ಜಿಗೆ ಹಾಕಿ ಕೊಡುತ್ತೇನೆ ಸರ್, ಹದಿಮೂರು ತೋರಿಸುತ್ತದೆ” ಎಂದರು. ತೋರಿಸುತ್ತದೆ, ನಿಜ. ಚಾರ್ಜರಿನಿಂದ ಆಗತಾನೇ ಬಿಡಿಸಿದ ಬ್ಯಾಟರಿ ಹದಿಮೂರರ ಹತ್ತಿರ ತೋರಿಸುವುದು ತಟ್ಟೆಯ ಮೇಲ್ಮೈ ಮೇಲೆ ನಿಂತ ಚಾರ್ಜು. ಕೆಲವು ಗಂಟೆ ಸುಮ್ಮನೆ ಬಿಟ್ಟರೆ, ಇಲ್ಲವೇ ಒಂದೆರಡು ನಿಮಿಷ ಹೆಡ್‌ಲೈಟ್ ಉರಿಸಿದರೆ ಅದು ಇಳಿದು ನಿಜವಾದ ಮಟ್ಟ ಕಾಣುತ್ತದೆ. ಆದ್ದರಿಂದ ನಾನು ಮೊದಲು ನಂಬುವುದು ತಿಂಗಳ ಮುದ್ರೆಯನ್ನು, ಆಮೇಲೆ ಮೀಟರನ್ನು. ಅಂಕಿಯನ್ನು ಒಂದು ಗಂಟೆಯಲ್ಲಿ ಏರಿಸಬಹುದು, ಕಳೆದುಹೋದ ಒಂಬತ್ತು ತಿಂಗಳನ್ನು ಯಾರೂ ಹಿಂದಕ್ಕೆ ತರಲಾರರು.

ಆ ಮಾಲೀಕರು ಮೋಸಗಾರರೆಂದು ನಾನು ಹೇಳುವುದಿಲ್ಲ. ಯಾವ ಅಂಗಡಿಯವರೇ ಆದರೂ ಹಳೆಯ ಮಾಲನ್ನು ಮೊದಲು ಸಾಗಿಸಲು ನೋಡುತ್ತಾರೆ. ನನ್ನ ತಕರಾರು ಇಷ್ಟೇ: ಕೊಳ್ಳುವವನಿಗೆ ಅದು ಗೊತ್ತಿರಬೇಕು.

ನೂರಡಿ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಒಳಗೆ ಕಾಲಿಡುತ್ತಲೇ, “ಎಕ್ಸೈಡ್, ಅಮರಾನ್ ಯಾವುದಾದರೂ ಸರಿ, ಈ ಅಳತೆಯಲ್ಲಿ ಮೂರು ತಿಂಗಳ ಒಳಗೆ ತಯಾರಾದದ್ದು ಇದ್ದರೆ ಕೊಡಿ” ಎಂದೆ. ನನ್ನ ಅನುಭವದಲ್ಲಿ ಕಂಪನಿಯ ಹೆಸರಿಗಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಹಿರಿಯರು ಕನ್ನಡಕ ಏರಿಸಿ ನನ್ನನ್ನೊಮ್ಮೆ ನೋಡಿ, “ನಿಮ್ಮ ಅಳತೆ ದಿನಾ ಓಡುವ ಮಾಲು, ಕೂರುವುದಿಲ್ಲ. ದೊಡ್ಡ ಡೀಸೆಲ್ ಗಾಡಿಯದ್ದಾಗಿದ್ದರೆ ನಾನೇ ಎರಡು ದಿನ ತಡೆಯಿರಿ ಎನ್ನುತ್ತಿದ್ದೆ” ಎಂದರು. ಈ ಮಾತು ನನಗೆ ಹೊಸದು, ಆದರೆ ಎಷ್ಟು ಸರಿ! ಹೆಚ್ಚು ಮಾರಾಟವಾಗುವ ಅಳತೆ ಕಪಾಟಿನಲ್ಲಿ ಹಳತಾಗುವುದಿಲ್ಲ. ಅಪರೂಪದ ಅಳತೆ ಬೇಕಿದ್ದವರು ವಿತರಕರಿಂದ ಹೊಸದನ್ನು ತರಿಸಿಕೊಡಲು ಹೇಳಿ ಕಾಯುವುದು ಒಳ್ಳೆಯದು.

ಅವರು ತೋರಿಸಿದ್ದು ಆ ವರ್ಷದ ಫೆಬ್ರವರಿಯದ್ದು. ಐದು ವಾರ. ಮೀಟರಿನ ಕೆಂಪು ಮೊನೆಯನ್ನು ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ಒತ್ತಿ ಹಿಡಿದೆ. ಅಂಕಿಗಳು ಒಂದು ಕ್ಷಣ ತಡಬಡಾಯಿಸಿ 12.68ಕ್ಕೆ ನಿಂತವು. ಟರ್ಮಿನಲ್‌ಗಳ ಮೇಲೆ ಒಂದು ಗೀರೂ ಇರಲಿಲ್ಲ. ಯಾವ ಕಾರಿನ ಕ್ಲ್ಯಾಂಪೂ ಇನ್ನೂ ಮುಟ್ಟದ ಬೂದುಬಣ್ಣದ ಸೀಸ. ಅಲ್ಲಿ ಗೀರು ಕಂಡರೆ ಒಮ್ಮೆ ಎಲ್ಲೋ ಕೂರಿಸಿ ತೆಗೆದದ್ದೆಂದು ತಿಳಿಯಬೇಕು.

ಹಳೆಯದನ್ನು ಕೊಟ್ಟು 4,300 ರೂಪಾಯಿ ತೆತ್ತೆ. ಹಳೆಯದನ್ನು ಮನೆಯಲ್ಲಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಒಳಗಿರುವುದು ಸೀಸ ಮತ್ತು ಆಮ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬಿಲ್ಲಿನಲ್ಲಿ ಬ್ಯಾಟರಿಯ ಕ್ರಮಸಂಖ್ಯೆ, ಕಾರಿನ ನಂಬರ್ ಎರಡನ್ನೂ ಬರೆಸಿದೆ, ವಾರಂಟಿಯನ್ನು ಅಲ್ಲೇ ನನ್ನ ಮೊಬೈಲಿಗೆ ನೋಂದಾಯಿಸಿಕೊಂಡೆ.

ಕೂರಿಸಿಕೊಡುತ್ತೇವೆ ಎಂದರೂ ನಾನೇ ಕೂರಿಸಿದೆ. ಕೈಯ ಉಂಗುರ ತೆಗೆದು ಜೇಬಿಗಿಟ್ಟೆ. ಹತ್ತನೇ ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಇಡೀ ಕಬ್ಬಿಣದ ಮೈ ಮೈನಸ್‌ಗೆ ಸೇರಿರುತ್ತದೆ. ಅದನ್ನು ಬಿಡಿಸದೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಕೇಬಲ್ ತುದಿಗಳಲ್ಲಿ ಹಸಿರುಬಿಳಿಯ ಪುಡಿ ಕಟ್ಟಿತ್ತು. ಅಡುಗೆ ಸೋಡಾ ಬೆರೆಸಿದ ಬಿಸಿನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ನೊರೆ ಉಕ್ಕಿ ಕೆಳಗಿನ ಲೋಹ ಹೊಳೆಯಿತು. ಒಣಗಿಸಿ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದೆ. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯನ್ನು ಬಿಗಿಯುವುದನ್ನು ಎಷ್ಟೋ ಜನ ಮರೆಯುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಹಳ್ಳ ಬಿದ್ದ ನಮ್ಮ ಊರಕಡೆಯ ರಸ್ತೆಗಳಲ್ಲಿ ಸಡಿಲ ಬ್ಯಾಟರಿ ಕುಲುಕಿ ಕುಲುಕಿ ತಟ್ಟೆಯ ಮೇಲಿನ ವಸ್ತುವೇ ಉದುರುತ್ತದೆ.

ಕೊನೆಗೆ ಬಿಳಿ ಬಣ್ಣದ ಪೆನ್ನಿನಿಂದ ಬ್ಯಾಟರಿಯ ಮೇಲೆ ಕೊಂಡ ದಿನಾಂಕ ಬರೆದೆ. ನಾನು ಶಾಲೆಗೆ ಸೈಕಲ್ಲಿನಲ್ಲಿ ಹೋಗುವುದರಿಂದ ಕಾರು ವಾರಗಟ್ಟಲೆ ನಿಲ್ಲುತ್ತದೆ. ಅದಕ್ಕೆ ಪ್ರತಿ ಭಾನುವಾರ ಮದ್ದೂರಿನವರೆಗಾದರೂ ಹೋಗಿ ಬರುತ್ತೇನೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ತಿಂಗಳಿಗೊಮ್ಮೆ, ಬೆಳಿಗ್ಗೆ ಕಾರು ತೆಗೆಯುವ ಮೊದಲು ಮೀಟರ್ ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿ ಗುರುತು ಹಾಕುತ್ತೇನೆ. ಏಪ್ರಿಲ್‌ನಲ್ಲಿ 12.64, ಮೇ ತಿಂಗಳಲ್ಲಿ 12.63. ಜೂನ್‌ನಲ್ಲಿ ಅಪ್ಪನ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಇತ್ತು. ಆರಕ್ಕೆ ಕೀಲಿ ತಿರುಗಿಸಿದೆ, ಏಳು ಗಂಟೆಗೆ ಮೈಸೂರಿನಲ್ಲಿದ್ದೆವು.