ಹೊಲದಲ್ಲಿ ದುಡಿದ ತಾಯಿಯ ಬದುಕನ್ನು ಬರೆದಿಡುವ ಬಗೆ

ಕರ್ನಾಟಕದ ಹಳ್ಳಿಯೊಂದರಲ್ಲಿ ಜೀವಮಾನವಿಡೀ ದುಡಿದು ತೀರಿಕೊಂಡ ತಾಯಿಯ, ಅಜ್ಜಿಯ ಅಥವಾ ಅತ್ತೆಯ ನೆನಪಿಗೆ ಒಂದು ಕಿರುಹೊತ್ತಗೆ ತರಬೇಕೆಂದಿರುವವರಿಗಾಗಿ ಈ ಬರಹ. ಬರೆಯಲು ಕುಳಿತಾಗ ಮೊದಲು ಹೊಳೆಯುವುದು ತ್ಯಾಗಮಯಿ, ಸಹನಾಮೂರ್ತಿ, ಕಷ್ಟಜೀವಿ ಎಂಬ ಮಾತುಗಳು. ಇವು ಸುಳ್ಳಲ್ಲ, ಆದರೆ ಯಾವ ತಾಯಿಗಾದರೂ ಹೊಂದುವ ಮಾತುಗಳಾದ್ದರಿಂದ ನಿಮ್ಮ ತಾಯಿ ಯಾರೆಂಬುದನ್ನು ಅವು ತಿಳಿಸುವುದಿಲ್ಲ. ಆಕೆ ಏನೇನು ಕೆಲಸ ಮಾಡುತ್ತಿದ್ದಳು, ಹೇಗೆ ಮಾಡುತ್ತಿದ್ದಳು, ಯಾರ ಜೊತೆಗೂಡಿ, ಎಷ್ಟು ಹೊತ್ತು, ಯಾವ ಪ್ರತಿಫಲಕ್ಕೆ ಎಂಬುದನ್ನು ವಿವರವಾಗಿ ಬರೆಯಿರಿ. ಆಕೆಯ ಗುಣ ಆ ವಿವರಗಳಲ್ಲೇ ಕಾಣುತ್ತದೆ.

ಮಾಹಿತಿ ಕೇಳಲು ಮೊದಲು ಗಂಡುಮಕ್ಕಳ ಬಳಿ ಹೋಗುವುದು ವಾಡಿಕೆ. ನನ್ನ ಸಲಹೆಯೆಂದರೆ, ಮೊದಲು ಆಕೆಯ ಓರಗಿತ್ತಿಯರನ್ನು, ನಾದಿನಿಯರನ್ನು, ಮುಖ್ಯವಾಗಿ ಆಕೆಯ ಜೊತೆ ಮುಯ್ಯಾಳಾಗಿ ದುಡಿದ ಹೆಂಗಸರನ್ನು ಕಾಣಬೇಕು. ಇಂದು ನಿಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನೀವು ಎಂದು ಕೂಲಿಯಿಲ್ಲದೆ ಆಳಿಗೆ ಆಳು ಕೊಟ್ಟು ನಡೆಸುತ್ತಿದ್ದ ಈ ಪದ್ಧತಿಯಲ್ಲಿ, ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಾಕಿದವರಿಗೆ ಗೊತ್ತಿರುವಷ್ಟು ಆಕೆಯ ಮಕ್ಕಳಿಗೂ ಗೊತ್ತಿರುವುದಿಲ್ಲ. ಯಾರ ಕೈ ಚುರುಕು, ಯಾರು ಪದ ಎತ್ತಿಕೊಡುತ್ತಿದ್ದರು, ಬಸುರಿಯಾಗಿದ್ದಾಗ ಎಷ್ಟನೇ ತಿಂಗಳವರೆಗೆ ಗದ್ದೆಗೆ ಇಳಿದಳು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಅವರಿಗೂ ವಯಸ್ಸಾಗಿರುವುದರಿಂದ ಈ ಭೇಟಿಯನ್ನು ಮುಂದಕ್ಕೆ ಹಾಕಬೇಡಿ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ‘ಅವ್ವ ಹೇಗಿದ್ದಳು?’ ಎಂದು ಕೇಳಿದರೆ ‘ಬಾಳ ಒಳ್ಳೇಳು ಕಣಪ್ಪ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಒಂದು ಬೆಳೆಯನ್ನು ಹಿಡಿದು, ಬಿತ್ತನೆಯಿಂದ ಕಣದವರೆಗೆ ಹಂತ ಹಂತವಾಗಿ ಕೇಳುತ್ತ ಹೋಗಿ. ರಾಗಿ ಸೀಮೆಯವರಾದರೆ ಅಕ್ಕಡಿ ಸಾಲಿನಿಂದ ಶುರುಮಾಡುವುದು ಒಳ್ಳೆಯದು. ರಾಗಿಯ ನಡುವೆ ಸಾಲುಬಿಟ್ಟು ಹಾಕುವ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳಿನ ಬೀಜಗಳನ್ನು ಮನೆಯಲ್ಲಿ ಕಾಪಿಟ್ಟುಕೊಂಡವರು ಯಾರು, ಯಾವ ಗಿಡದ ಕಾಯನ್ನು ಬೀಜಕ್ಕೆಂದು ಬಿಡಬೇಕೆಂಬುದನ್ನು ಆಕೆ ಹೇಗೆ ಗುರುತಿಸುತ್ತಿದ್ದಳು, ಒಣಗಿಸಿದ ಮೇಲೆ ಬೂದಿ ಬೆರೆಸುತ್ತಿದ್ದಳೋ ಬೇವಿನ ಸೊಪ್ಪು ಇಡುತ್ತಿದ್ದಳೋ, ನೆರೆಮನೆಯವರು ಬೀಜ ಕೇಳಲು ಬಂದರೆ ಎಷ್ಟು ಅಳೆದು ಕೊಡುತ್ತಿದ್ದಳು, ಹಿಂದಕ್ಕೆ ಎಷ್ಟು ಪಡೆಯುತ್ತಿದ್ದಳು ಎಂದು ವಿಚಾರಿಸಿ. ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ, ಬೇಸಾಯದಲ್ಲಿ ‘ಕೈಜೋಡಿಸಿದವಳು’ ಎಂದು ನೀವು ಬರೆಯಲಿದ್ದ ಹೆಂಗಸು ಆ ಬೇಸಾಯದ ಅರ್ಧ ತಿಳಿವಳಿಕೆಯನ್ನು ಹೊತ್ತಿದ್ದವಳು ಎಂಬುದು ಕಾಣುತ್ತದೆ. ಭತ್ತದ ಸೀಮೆಯವರು ಸಸಿಮಡಿಯಿಂದ, ಜೋಳದ ಸೀಮೆಯವರು ತೆನೆ ಮುರಿಯುವ ಕೆಲಸದಿಂದ ಇದೇ ಬಗೆಯಲ್ಲಿ ಆರಂಭಿಸಬಹುದು.

ಆಕೆಯ ಒಂದು ದಿನವನ್ನು ಹೊತ್ತಿನ ಲೆಕ್ಕದಲ್ಲಿ ಬರೆಯುವ ಅಧ್ಯಾಯವೊಂದು ಹೊತ್ತಗೆಯಲ್ಲಿ ಇರಲೇಬೇಕು. ಎದ್ದದ್ದು ಯಾವಾಗ, ನೀರು ತಂದದ್ದು ಎಲ್ಲಿಂದ, ಕೊಟ್ಟಿಗೆ ಬಳಿದದ್ದು, ಒಲೆ ಹಚ್ಚಿದ್ದು, ಬುತ್ತಿ ಹೊತ್ತು ಹೊಲಕ್ಕೆ ನಡೆದದ್ದು, ಬರುವಾಗ ತಲೆಯ ಮೇಲೆ ಹುಲ್ಲಿನ ಹೊರೆ ತಂದದ್ದು, ಎಲ್ಲರೂ ಉಂಡ ಮೇಲೆ ತಾನು ಉಂಡದ್ದು ಎಂದು ಒಂದೊಂದನ್ನೂ ಬಿಡದೆ ದಾಖಲಿಸಿ. ಸುಗ್ಗಿಯ ದಿನ ಬೇರೆ, ಬೇಸಿಗೆಯ ದಿನ ಬೇರೆ ಆಗಿರುವುದರಿಂದ ಎರಡನ್ನೂ ಬರೆಯುವುದು ಮೇಲು. ಇದಕ್ಕೆ ಇಷ್ಟು ಒತ್ತುಕೊಡಲು ಕಾರಣವಿದೆ. 2011ರ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವ ಹೆಂಗಸರು ಕೆಲಸಗಾರರಲ್ಲದವರ ಪಟ್ಟಿಗೆ ಸೇರಿದ್ದರು. ವರ್ಷದಲ್ಲಿ 6 ತಿಂಗಳಿಗಿಂತ ಕಡಿಮೆ ಕಾಲ ದುಡಿದವರು ಮುಖ್ಯ ಕೆಲಸಗಾರರೆನಿಸಲಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಕೊಡುತ್ತಿದ್ದರೆಂದು ತಿಳಿದುಬಂತು. ನಿಮ್ಮ ತಾಯಿಯ ಲೆಕ್ಕವನ್ನು ಯಾವ ಗಣತಿದಾರರೂ ಇಷ್ಟು ವಿವರವಾಗಿ ಬರೆದುಕೊಂಡಿರಲಾರರು. ಅದನ್ನು ಬರೆಯಬೇಕಾದವರು ನೀವೇ.

ಹಿರಿಯರಿಗೆ ಇಸವಿಗಳು ನೆನಪಿರುವುದಿಲ್ಲ, ಘಟನೆಗಳು ನೆನಪಿರುತ್ತವೆ. ಆದ್ದರಿಂದ ಊರಿಗೆಲ್ಲ ಗೊತ್ತಿರುವ ಸಂಗತಿಗಳನ್ನು ಗೂಟಗಳನ್ನಾಗಿ ಮಾಡಿಕೊಳ್ಳಿ: 1948ರ ಗಾಂಧೀಜಿಯವರ ಹತ್ಯೆ, 1956ರ ಏಕೀಕರಣ, ಉತ್ತರ ಕರ್ನಾಟಕದವರಾದರೆ 1972ರ ಬರ, 1975ರ ತುರ್ತು ಪರಿಸ್ಥಿತಿ, 1978ರಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಗೆದ್ದದ್ದು, 1980ರ ಫೆಬ್ರುವರಿ 16ರಂದು ನಡುಹಗಲಿನ ನಂತರ ಕವಿದ ಸೂರ್ಯಗ್ರಹಣ. ‘ಗ್ರಹಣದ ದಿನ ನಿಮ್ಮ ಮಗು ಹಸುಗೂಸೋ ನಡೆಯುತ್ತಿತ್ತೋ?’ ಎಂದು ಕೇಳಿದರೆ ಆ ಮಗು ಹುಟ್ಟಿದ ವರ್ಷ ಬಹುಮಟ್ಟಿಗೆ ಸಿಕ್ಕೇಬಿಡುತ್ತದೆ. ಊರಿಗೆ ಕರೆಂಟು ಬಂದ ವರ್ಷ, ಮೊದಲ ಹಿಟ್ಟಿನ ಗಿರಣಿ, ಮೊದಲ ಕೊಳವೆಬಾವಿ ಇವು ಇನ್ನೂ ಮುಖ್ಯ, ಏಕೆಂದರೆ ಬೀಸುಕಲ್ಲು ಮೂಲೆ ಸೇರಿದ್ದೂ ನೀರು ಹೊರುವುದು ಕಡಿಮೆಯಾದದ್ದೂ ಆಗಲೇ.

ಕಾಗದಪತ್ರಗಳ ಕಡೆಗೂ ಗಮನ ಕೊಡಿ. ಪಡಿತರ ಚೀಟಿ, ಮತದಾರರ ಪಟ್ಟಿ, ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕ, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಮಕ್ಕಳ ಶಾಲಾ ದಾಖಲಾತಿ, ಇವುಗಳಲ್ಲಿ ಆಕೆಯ ಹೆಸರು ಎಲ್ಲೆಲ್ಲಿ ಹೇಗೆ ಬರೆಯಲ್ಪಟ್ಟಿದೆ ಎಂಬುದನ್ನು ಗುರುತಿಸಿ. ವಯಸ್ಸು ಒಂದಕ್ಕೊಂದು ತಾಳೆಯಾಗದಿದ್ದರೆ ಎಲ್ಲವನ್ನೂ ಹಾಗೆಯೇ ಕೊಡಿ. ಪಹಣಿಯ 9ನೇ ಕಾಲಂನಲ್ಲಿ ಜಮೀನಿನ ಒಡೆತನ, 12ನೇ ಕಾಲಂನಲ್ಲಿ ಸಾಗುವಳಿ ಮಾಡಿದವರ ವಿವರ ಇರುತ್ತದೆ. ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರುವ ಮುನ್ನಿನ ಕೈಬರಹದ ಪ್ರತಿಗಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಹಾಕಬೇಕು. ಆ ಕಾಲಂಗಳಲ್ಲಿ ಗಂಡನ, ಮಾವನ, ಮಗನ ಹೆಸರುಗಳೇ ಕಂಡು ಆಕೆಯ ಹೆಸರು ಕಾಣದಿರಬಹುದು. ಅದನ್ನೂ ಬರೆಯಿರಿ, ಕಾರಣದ ಸಮೇತ ಬರೆಯಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಅದೂ ಆ ಹೊತ್ತಿಗಾಗಲೇ ಮದುವೆಯಾಗಿದ್ದವರನ್ನು ಬಿಟ್ಟು. ಮದುವೆಯಾದವರಿಗೂ ಆ ಹಕ್ಕು ಬಂದದ್ದು 2005ರ ಕೇಂದ್ರದ ತಿದ್ದುಪಡಿಯಿಂದ.

ಜೊತೆಗಾರ್ತಿಯರು ಬೀಸುವ ಪದವನ್ನೋ ಸೋಬಾನೆಯನ್ನೋ ಹೇಳಿದರೆ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫ್ಯಾನು ಆರಿಸಿ, ನಡುವೆ ತಡೆಯದೆ ಕೇಳಿ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಆಕೆ ಬಳಸಿದ ಕುಡುಗೋಲು, ಮೊರ, ಒನಕೆಗಳ ಚಿತ್ರ ತೆಗೆದು, ಮಾಡಿಕೊಟ್ಟವರು ಯಾರೆಂಬುದನ್ನು ಅಡಿಯಲ್ಲಿ ಬರೆದರೆ ಸಾಕು.

ಹೊಡೆತ, ಸಾಲ, ಸತ್ತ ಕೂಸುಗಳು, ಬಿಡಿಸಿದ ಶಾಲೆ ಇಂಥವು ಮಾತಿನ ನಡುವೆ ಬಂದೇ ಬರುತ್ತವೆ. ಕುಟುಂಬದ ಮಾನದ ಹೆಸರಿನಲ್ಲಿ ಎಲ್ಲವನ್ನೂ ಅಳಿಸಿಬಿಟ್ಟರೆ, ಆಕೆ ಏನನ್ನು ದಾಟಿ ಬಂದಳೆಂಬುದೇ ಅಳಿಸಿಹೋಗುತ್ತದೆ. ಆದರೂ ಬದುಕಿರುವವರ ಗುಟ್ಟುಗಳು ಅವರವರ ಸ್ವತ್ತು. ಹೇಳಿದವರ ಒಪ್ಪಿಗೆ ಪಡೆಯಿರಿ, ಹೆಣ್ಣುಮಕ್ಕಳ ಅಭಿಪ್ರಾಯವನ್ನು ತಪ್ಪದೆ ಕೇಳಿ. ಅಣ್ಣತಮ್ಮಂದಿರ ನೆನಪು ಒಂದು, ಅಕ್ಕತಂಗಿಯರ ನೆನಪು ಇನ್ನೊಂದು ಆಗಿದ್ದರೆ ಎರಡನ್ನೂ ಅವರವರ ಹೆಸರಿನಲ್ಲಿ ಪಕ್ಕಪಕ್ಕದಲ್ಲಿ ಹಾಕಿ. ನಡುವೆ ತೀರ್ಪು ಕೊಡುವುದು ಬರೆಯುವವರ ಕೆಲಸವಲ್ಲ.

ಕರಡು ಸಿದ್ಧವಾದ ಮೇಲೆ ಅಚ್ಚಿಗೆ ಕಳಿಸುವ ಮುನ್ನ ಊರಿಗೆ ಹೋಗಿ ಓರಗಿತ್ತಿಯರಿಗೂ ಮುಯ್ಯಾಳುಗಳಿಗೂ ಗಟ್ಟಿಯಾಗಿ ಓದಿ ಹೇಳಿ. ಅವರಲ್ಲಿ ಹಲವರಿಗೆ ಓದು ಬಾರದೆ ಇರಬಹುದು, ಆದರೆ ನಾಟಿಯ ಕ್ರಮವನ್ನು ನೀವು ಹಿಂದುಮುಂದಾಗಿ ಬರೆದಿದ್ದರೆ ಕೂಡಲೇ ಹಿಡಿಯುವವರು ಅವರೇ. ಅವರ ತಿದ್ದುಪಡಿಗಳನ್ನು ಸೇರಿಸಿ, ನೆರವಾದವರ ಹೆಸರುಗಳನ್ನು ಅವರ ಒಪ್ಪಿಗೆಯೊಂದಿಗೆ ಮೊದಲ ಪುಟದಲ್ಲೇ ಕೊಟ್ಟು, ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ. ಕೊನೆಯಲ್ಲಿ ಕೆಲವು ಖಾಲಿ ಹಾಳೆಗಳನ್ನು ಬಿಡುವುದನ್ನು ಮರೆಯಬೇಡಿ. ಹೊತ್ತಗೆ ಕೈಸೇರಿದ ಮೇಲೆಯೇ ಅನೇಕರಿಗೆ ಮುಖ್ಯವಾದದ್ದು ನೆನಪಾಗುತ್ತದೆ.