‘ಕ್ಯಾನ್’ ಮತ್ತು ‘ಕ್ಲೈಂಬ್’ ನಡುವಿನ ಜಾಗ

ಚಿತ್ರದುರ್ಗದ ಕೋಟೆಯಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುವುದು ನನ್ನ ಕೆಲಸ. ಮೊದಲ ವರ್ಷದ ಮಾತು. ಅರವತ್ತು ದಾಟಿದ ವಿದೇಶಿ ಮಹಿಳೆಯೊಬ್ಬರು ಏಕನಾಥೇಶ್ವರಿ ಗುಡಿಯ ಕಡೆಗೆ ಏರುವ ಮೆಟ್ಟಿಲುಗಳ ಬುಡದಲ್ಲಿ ನಿಂತು, ತನ್ನಿಂದ ಹತ್ತಲು ಆದೀತೇ ಎಂದು ಕೇಳಿದರು. ತುಸು ಕಷ್ಟಪಟ್ಟರೆ ಹತ್ತಬಹುದು ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಉತ್ತರ. ಹಾರ್ಡ್ ಎಂದರೆ ಕಷ್ಟ, ಅದಕ್ಕೆ ‘ಲಿ’ ಅಂಟಿಸಿದರೆ ಕಷ್ಟದಿಂದ. ಹೈಸ್ಕೂಲಿನಲ್ಲಿ ಸ್ಲೋ, ಸ್ಲೋಲಿ ಎಂದು ಕಂಠಪಾಠ ಮಾಡಿದವನ ಲೆಕ್ಕಾಚಾರ ಅದು. ‘ಯು ಕ್ಯಾನ್ ಹಾರ್ಡ್ಲಿ ಕ್ಲೈಂಬ್ ಇಟ್’ ಎಂದು ಹುರುಪಿನಿಂದ ಹೇಳಿದೆ. ಅವರ ಮುಖ ಬಾಡಿತು. ಅಲ್ಲೇ ಬಂಡೆಯ ಮೇಲೆ ಕುಳಿತು ನೀರಿನ ಬಾಟಲಿ ತೆರೆದರು. ‘ನಿಮ್ಮ ಕೈಲಿ ಇದು ಆಗದ ಮಾತು ಎಂದು ಹೇಳಿದಿರಲ್ಲ’ ಎಂದು ಅವರ ಜೊತೆಗಿದ್ದ ಬೆಂಗಳೂರಿನ ಹುಡುಗಿ ನನ್ನ ಕಿವಿಯಲ್ಲಿ ಉಸುರಿದಳು.

ಕ್ಯಾನ್ ಎಂದರೆ ಆಗುತ್ತದೆ. ಪಕ್ಕದಲ್ಲಿ ಹಾರ್ಡ್ಲಿ ಬಂದು ಕುಳಿತರೆ ಬಹುಮಟ್ಟಿಗೆ ಆಗುವುದಿಲ್ಲ. ಒಂದೇ ಒಂದು ಪದ ಇಡೀ ವಾಕ್ಯವನ್ನು ಮಗುಚಿ ಹಾಕಿತ್ತು. ಕ್ಯಾನ್, ಕುಡ್, ವಿಲ್, ವುಡ್, ಶಲ್, ಶುಡ್, ಮೇ, ಮೈಟ್, ಮಸ್ಟ್ ಎಂಬ ಒಂಬತ್ತು ಸಹಾಯಕ ಕ್ರಿಯಾಪದಗಳನ್ನು ನಾನು ಒಂದು ಪಾಠದಲ್ಲಿ ಓದಿದ್ದೆ, ಕ್ರಿಯಾವಿಶೇಷಣಗಳನ್ನು ಇನ್ನೊಂದರಲ್ಲಿ. ಎರಡೂ ಒಂದೇ ವಾಕ್ಯದಲ್ಲಿ ಸೇರಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡೆ. ಪ್ರವಾಸಿಗರು ತಮ್ಮತಮ್ಮಲ್ಲಿ ಆಡುವ ಮಾತನ್ನು ಕದ್ದು ಕೇಳಿ ಬರೆದುಕೊಳ್ಳುವುದು (ಸಭ್ಯತನವಲ್ಲ, ಗೊತ್ತು), ರಾತ್ರಿ ಮನೆಯಲ್ಲಿ ಪ್ರತಿ ವಾಕ್ಯದ ಕೆಳಗೆ ಕನ್ನಡ ಬರೆಯುವುದು. ಪದಕ್ಕೆ ಪದವಲ್ಲ, ಅದೇ ಸಂದರ್ಭದಲ್ಲಿ ನಮ್ಮ ಮನೆಯಲ್ಲಿ ಏನು ಹೇಳುತ್ತಿದ್ದೆವೋ ಅದು.

ಕೆಲವು ವಾರಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಕ್ಯಾನ್ ಈಸಿಲಿ ಕ್ಲೈಂಬ್’, ‘ವಿಲ್ ಪ್ರಾಬಬ್ಲಿ ರೇನ್’, ‘ಶುಡ್ ಆಲ್ವೇಸ್ ಕ್ಯಾರಿ ವಾಟರ್’, ‘ಮಸ್ಟ್ ನೆವರ್ ಕ್ಲೈಂಬ್’: ಕ್ರಿಯಾವಿಶೇಷಣ ಕೂರುವುದು ಸಾಮಾನ್ಯವಾಗಿ ಸಹಾಯಕ ಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ. ನಾನೋ ಅದನ್ನು ವಾಕ್ಯದ ತುದಿಗೆ ತಳ್ಳುತ್ತಿದ್ದೆ, ಇಲ್ಲವೇ ತಲೆಯ ಮೇಲೆ ಹೊರಿಸುತ್ತಿದ್ದೆ. ಆಮೇಲೆ ಹೊಳೆಯಿತು, ಈ ನಡುವಿನ ಜಾಗ ಕನ್ನಡದಲ್ಲೂ ಇದೆ. ‘ಹತ್ತಲೇಬಾರದು’ ಎನ್ನುವುದನ್ನು ಬಿಡಿಸಿ ನೋಡಿ: ಹತ್ತಲು, ಏ, ಬಾರದು. ನಮ್ಮ ಒತ್ತೆಲ್ಲ ಆ ‘ಏ’ಯಲ್ಲಿದೆ, ಅದು ಕುಳಿತಿರುವುದು ನಟ್ಟನಡುವೆ. ‘ಮಸ್ಟ್ ನೆವರ್ ಕ್ಲೈಂಬ್’ ಅದರದೇ ಕನ್ನಡಿ ಬಿಂಬ. ತುದಿಗಳು ಅದಲುಬದಲಾಗಿವೆ, ನಡುವಿನದು ನಡುವೆಯೇ ಇದೆ. ‘ಹತ್ತಲೂಬಹುದು’ ಎಂಬಲ್ಲಿನ ‘ಊ’ಗೆ ‘ಕ್ಯಾನ್ ಆಲ್ಸೋ ಕ್ಲೈಂಬ್’ ಇದೆ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತಿನೊಳಗೇ ವ್ಯಾಕರಣ ಅಡಗಿ ಕುಳಿತಿತ್ತು, ನಾನು ಗೈಡ್ ಪುಸ್ತಕಗಳಿಗೆ ದುಡ್ಡು ಸುರಿಯುತ್ತಿದ್ದೆ.

ಈ ಹೋಲಿಕೆ ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ಹತ್ತಲೇಬೇಕು’ ಎನ್ನಲು ‘ರಿಯಲಿ’ ಹೆಚ್ಚಾಗಿ ಮಸ್ಟ್‌ಗಿಂತ ಮುಂದಕ್ಕೆ ಜಿಗಿಯುತ್ತದೆ: ‘ಯು ರಿಯಲಿ ಮಸ್ಟ್ ಕ್ಲೈಂಬ್’. ನಿಷೇಧ ಬಂದರಂತೂ ಆಟವೇ ಬೇರೆ. ‘ಹಿ ವಿಲ್ ಪ್ರಾಬಬ್ಲಿ ಕಮ್’ ಸರಿ. ಆದರೆ ಬರಲಿಕ್ಕಿಲ್ಲ ಎನ್ನುವಾಗ ‘ಹಿ ಪ್ರಾಬಬ್ಲಿ ವೋಂಟ್ ಕಮ್’. ಬತೇರಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವವರಿಗೆ ಮೊದಲೆಲ್ಲ ‘ಯು ಶುಡಂಟ್ ರಿಯಲಿ ಸಿಟ್ ದೇರ್’ ಎನ್ನುತ್ತಿದ್ದೆ. ಅವರು ನಕ್ಕು ಅಲ್ಲೇ ಕೂರುತ್ತಿದ್ದರು. ಅದರ ಧ್ವನಿ ‘ಕೂರಬಾರದು ಅನ್ನಿ, ಆದರೂ ನಿಮ್ಮಿಷ್ಟ’ ಎಂಬಂತಿದೆ. ರಿಯಲಿಯನ್ನು ಒಂದು ಹೆಜ್ಜೆ ಮುಂದಿಟ್ಟು ‘ಯು ರಿಯಲಿ ಶುಡಂಟ್’ ಎಂದರೆ ಕೂರಲೇಬಾರದು ಎಂದಾಗುತ್ತದೆ. ಈಗ ಹಾಗೆ ಹೇಳುತ್ತೇನೆ, ಹೆಚ್ಚಿನವರು ಏಳುತ್ತಾರೆ. ಉಳಿದವರಿಗೆ ಯಾವ ವ್ಯಾಕರಣವೂ ಸಾಲದು.

‘ಆಲ್ವೇಸ್’ ನನ್ನನ್ನು ಒಂದು ಬೆಳಗ್ಗೆ ಬಿಸಿಲಿನಲ್ಲಿ ಕಾಯಿಸಿತು. ಗೋಪಾಲಸ್ವಾಮಿ ಹೊಂಡದ ಬಳಿ ಸುಸ್ತಾದ ದಂಪತಿ ‘ವಿ ಕ್ಯಾನ್ ಆಲ್ವೇಸ್ ಕಮ್ ಬ್ಯಾಕ್ ಟುಮಾರೋ’ ಎಂದರು. ನಾಳೆ ಖಂಡಿತ ಬರುತ್ತಾರೆ ಎಂದುಕೊಂಡು ಬೇರೆಯವರನ್ನು ಒಪ್ಪಿಕೊಳ್ಳದೆ ಬಾಗಿಲಲ್ಲಿ ನಿಂತೆ. ಅವರು ಅಷ್ಟು ಹೊತ್ತಿಗೆ ಹಂಪಿಯ ದಾರಿ ಹಿಡಿದಿರಬೇಕು. ಕ್ಯಾನ್ ಜೊತೆಗೆ ಹೀಗೆ ಬರುವ ಆಲ್ವೇಸ್ ‘ಯಾವಾಗಲೂ’ ಅಲ್ಲ, ‘ನಾಳೆ ಎಂಬುದು ಇದ್ದೇ ಇದೆಯಲ್ಲ’ ಎನ್ನುವ ಸಮಾಧಾನ. ‘ಮೈಟ್ ಆ್ಯಸ್ ವೆಲ್’ ಕೂಡ ಹೀಗೆಯೇ ಪದ ಬಿಡಿಸಿದರೆ ಸಿಗದ ಜೋಡಿ. ‘ವಿ ಮೈಟ್ ಆ್ಯಸ್ ವೆಲ್ ಗೋ ಅಪ್’ ಎಂಬುದರ ಕೆಳಗೆ ನಾನು ಬರೆದದ್ದು: ಇಷ್ಟು ದೂರ ಬಂದದ್ದಾಗಿದೆ, ಹತ್ತಿಯೇ ಬಿಡೋಣ. ಹುಮ್ಮಸ್ಸೂ ಅಲ್ಲ, ಬೇಸರವೂ ಅಲ್ಲ. ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಸಾಲು ಅದೇ.

‘ಇದ್ದರೂ ಇರಬಹುದು’ ಎಂಬುದಕ್ಕೆ ‘ಮೇ ವೆಲ್ ಬಿ’ ಎಂದು ಬರೆದುಕೊಂಡು ಬಹಳ ಕಾಲ ತಪ್ಪಾಗಿ ಬಳಸಿದೆ. ವೆಲ್ ಸೇರಿದರೆ ಸಾಧ್ಯತೆ ಹೆಚ್ಚುತ್ತದೆ, ‘ಇರುವ ಸಂಭವವೇ ಜಾಸ್ತಿ’ ಎಂದಾಗುತ್ತದೆ. ನಮ್ಮ ಅರೆಮನಸ್ಸಿನ ಮಾತಿಗೆ ‘ಮೈಟ್ ಜಸ್ಟ್’ ಸಾಕು. ಮೋಡ ಕಂಡು ಮಳೆ ಬರುವುದೇ ಎಂದು ಯಾರಾದರೂ ಕೇಳಿದರೆ ‘ಇಟ್ ಮೈಟ್ ಜಸ್ಟ್ ರೇನ್’ ಎನ್ನುತ್ತೇನೆ. ಚಿತ್ರದುರ್ಗದ ಮೋಡಕ್ಕೆ ಅದಕ್ಕಿಂತ ಹೆಚ್ಚಿನ ಮಾತು ಕೊಡಬಾರದು.

ಎಲ್ಲಕ್ಕಿಂತ ತಡವಾಗಿ ತಿಳಿದದ್ದು ಮಸ್ಟ್‌ನ ಒಳಗುಟ್ಟು. ಓಬವ್ವನ ಕಿಂಡಿಯ ಮುಂದೆ ಪ್ರವಾಸಿಗರನ್ನು ನಿಲ್ಲಿಸಿ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು, ಓಬವ್ವ ಒನಕೆ ಎತ್ತಿದ್ದು ಎಲ್ಲವನ್ನೂ ಹೇಳಿ, ಕೊನೆಗೆ ಗಟ್ಟಿ ದನಿಯಲ್ಲಿ ‘ಶಿ ಮಸ್ಟ್ ಶೂರ್ಲಿ ಹ್ಯಾವ್ ಕಿಲ್ಡ್ ದೆಮ್’ ಎಂದು ಮುಗಿಸುತ್ತಿದ್ದೆ. ಮಸ್ಟ್ ಗಟ್ಟಿ, ಶೂರ್ಲಿ ಸೇರಿದರೆ ಇನ್ನೂ ಗಟ್ಟಿ ಎಂಬ ಭರವಸೆ. ಒಬ್ಬ ನಿವೃತ್ತ ಮೇಷ್ಟ್ರು ‘ಹಾಗಾದರೆ ನಿಮಗೇ ಅನುಮಾನವೇ?’ ಎಂದರು. ಅವರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು: ‘ಕಿಲ್ಡ್’ ಎಂದರೆ ಕೊಂದಳು, ಮುಗಿಯಿತು. ‘ಮಸ್ಟ್ ಹ್ಯಾವ್ ಕಿಲ್ಡ್’ ಎಂದರೆ ಕೊಂದಿರಬೇಕು, ಅಂದರೆ ಊಹೆ. ಶೂರ್ಲಿ ಸೇರಿದರೆ ‘ಕೊಂದಿರಬೇಕಲ್ಲವೇ?’ ಎಂದು ಎದುರಿನವರ ಒಪ್ಪಿಗೆಗೆ ಕೈಚಾಚಿದಂತೆ. ಬಲ ತುಂಬಲು ಹೋಗಿ ಓಬವ್ವನ ಒನಕೆಯನ್ನೇ ಸಡಿಲಿಸಿದ್ದೆ.

ಈಗ ಎರಡು ಬಗೆಯಲ್ಲಿ ಮಾತನಾಡುತ್ತೇನೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು ಎನ್ನುವಾಗ ಮಸ್ಟ್ ಇಲ್ಲ, ಮೇ ಇಲ್ಲ. ಈ ಗೋಡೆಯ ಹಿಂದೆ ಕಾವಲುಗಾರರು ಅಡುಗೆ ಮಾಡುತ್ತಿದ್ದರೇ ಎಂದು ಕೇಳಿದರೆ ‘ದೇ ಮೇ ವೆಲ್ ಹ್ಯಾವ್’ ಎನ್ನುತ್ತೇನೆ. ಓಬವ್ವನ ಕಥೆಗೆ ಇವೆರಡೂ ಹೊಂದುವುದಿಲ್ಲ. ಅಲ್ಲಿ ‘ನಮ್ಮ ಊರಿನವರು ಹೇಳುತ್ತಾರೆ’ ಎಂದು ಶುರುಮಾಡಿ, ಮುಂದೆ ಒಂದೇ ಒಂದು ಸಹಾಯಕ ಪದವನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.