ಸೀಸನ್ ಶುರುವಾಗುವ ಮುಂಚೆಯೇ ನಾಯಿ, ಬಂದೂಕು ಎರಡನ್ನೂ ನೋಡಿಕೊಳ್ಳಿ
ಹಕ್ಕಿ ಬೇಟೆಯ ಸೀಸನ್ ಮುಗಿದ ಕೂಡಲೇ ಎಲ್ಲವನ್ನೂ ಮೂಲೆಗಿಟ್ಟು ಮರೆತುಬಿಡುತ್ತೇವೆ, ಅಲ್ವಾ? ನಾನೂ ಹಾಗೇ ಇದ್ದೆ. ಒಂದು ವರ್ಷ ಮೊದಲ ದಿನವೇ ನನ್ನ ನಾಯಿ ಗಂಟೆಯೊಳಗೆ ಸುಸ್ತಾಗಿ ಮಲಗಿಬಿಟ್ಟಿತು. ತಪ್ಪು ನಂದೇ. ತಿಂಗಳುಗಟ್ಟಲೆ ಸುಮ್ನೆ ತಿನ್ನಿಸಿ ದಪ್ಪ ಮಾಡಿದ್ದೆ.

ಈಗ ಎರಡು ತಿಂಗಳು ಮುಂಚೆಯೇ ಬೆಳಗಿನ ತಂಪಿನಲ್ಲಿ ಓಡಿಸುತ್ತೇನೆ. ಮೊದಲು 15-20 ನಿಮಿಷ, ಆಮೇಲೆ ನಿಧಾನವಾಗಿ ಜಾಸ್ತಿ. ನೀರಿದ್ದರೆ ಈಜಿಸಿ, ಕೀಲುಗಳಿಗೆ ಭಾರ ಬೀಳುವುದಿಲ್ಲ. ಬಿಸಿಲಲ್ಲಿ ಮಾತ್ರ ಬೇಡ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಹೆಚ್ಚಾಗಿ ತೇಕಿಯೇ ತಂಪಾಗಬೇಕು.

ಇನ್ನು ಬಂದೂಕು. ಹೊಸ ತೋಟಾ ತಂದರೆ ಸುರಕ್ಷಿತ ಜಾಗದಲ್ಲಿ ದೊಡ್ಡ ಪೇಪರ್ ಮೇಲೆ ಹೊಡೆದು ನೋಡಿ. 40 ಗಜ ದೂರದಿಂದ ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ (ತೋಟಾದೊಳಗಿನ ಸಣ್ಣ ಗುಂಡು) ಬಿದ್ದಿವೆ ಎಂದು ಎಣಿಸಿ. ಬೇಜಾರಿನ ಕೆಲಸ, ಆದರೆ ಕಣ್ಣು ತೆರೆಸುತ್ತದೆ. ಸೀಸದ ಚರೆಯಿಂದ ಸ್ಟೀಲ್ ಚರೆಗೆ ಬದಲಾಗುವವರು ಸಾಮಾನ್ಯವಾಗಿ ಎರಡು ಸೈಜ್ ದೊಡ್ಡ ಚರೆ ತಗೊಳ್ಳುತ್ತಾರೆ, ಯಾಕೆಂದರೆ ಸ್ಟೀಲ್ ಹಗುರ. ಹಳೆಯ ಬಂದೂಕಾದರೆ ನಳಿಗೆ ಸ್ಟೀಲ್ ಚರೆಯನ್ನು ತಾಳುತ್ತದಾ ಎಂದು ರಿಪೇರಿಯವರ ಹತ್ತಿರ ಮೊದಲೇ ತೋರಿಸಿ.

ಲೈಸೆನ್ಸ್, ಈ ವರ್ಷದ ನಿಯಮ, ಯಾವ ಹಕ್ಕಿಗೆ ಅನುಮತಿ ಇದೆ, ದಿನಕ್ಕೆ ಎಷ್ಟು ಅನ್ನುವುದನ್ನೂ ಈಗಲೇ ಓದಿಕೊಳ್ಳಿ. ಹೋದ ವರ್ಷದ್ದೇ ಇರುತ್ತದೆ ಅಂದುಕೊಳ್ಳಬೇಡಿ.